ಈ ಸಲ ಬಕೆಟ್ ನಮ್ದೇ ಅನ್ನೋಕ್ ಮುಂಚೆ: ಪರ್ಡ್ಯೂ ಫುಟ್‌ಬಾಲ್‌ಗೆ ಹುಡುಗ್ರು ಎಲ್ಲಿಂದ ಬರ್ಬೇಕು?

ಕೆಆರ್‌ಪೇಟೆ_ಬಾಯ್ಲರ್

ಅಮೆರಿಕನ್ ಫುಟ್‌ಬಾಲ್ ಆಟಗಾರ್ರು ಕಾಲೇಜ್ ಬದಲಾಯಿಸೋಕೆ ಪೋರ್ಟಲ್‌ಗೆ ಹೆಸ್ರು ಹಾಕೋ ಗಡುವು 2026ರ ಜನವರಿ 16ಕ್ಕೆ ಮುಗೀತು, 19ಕ್ಕೆ ನಮ್ ರಾಜ್ಯದ್ದೇ ಎದುರಾಳಿ ಇಂಡಿಯಾನಾ ಯೂನಿವರ್ಸಿಟಿಯವ್ರು ಮಯಾಮಿನ 27-21ಕ್ಕೆ ಹೊಡೆದು ನ್ಯಾಷನಲ್ ಚಾಂಪಿಯನ್ಸ್ ಆಗ್ಬಿಟ್ರು, 16 ಆಡಿ 16ನ್ನೂ ಗೆದ್ದು. ನಾನು ಆ ರಾತ್ರಿ ಮ್ಯಾಚ್ ನೋಡಲ್ಲ ಅಂತ ಶಪಥ ಮಾಡಿ ಲ್ಯಾಬಲ್ಲಿ ಕೂತಿದ್ದೆ, ಕೊನೆ ಕ್ವಾರ್ಟರ್ ಬರೋ ಹೊತ್ತಿಗೆ ತಡೀಲಾರ್ದೆ ಫೋನಲ್ಲಿ ಹಾಕ್ಕೊಂಡೆ. ಪಕ್ಕದ್ಮನೆ ಮದ್ವೆ ಓಲಗ ನಮ್ಮನೆ ಸೂತಕದಲ್ಲಿ ಕೇಳ್ದಂಗಿತ್ತು.

ನಮ್ ಪರ್ಡ್ಯೂ ಯೂನಿವರ್ಸಿಟಿ ಕಥೆ ಎಲ್ರಿಗೂ ಗೊತ್ತು. 2024ರಲ್ಲಿ 1-11, ಅಂದ್ರೆ ಒಂದು ಗೆಲುವು ಹನ್ನೊಂದು ಸೋಲು, 2025ರಲ್ಲಿ 2-10. ಎರಡು ಸೀಸನ್‌ನಲ್ಲಿ ನಮ್ ಲೀಗ್ ಬಿಗ್ ಟೆನ್‌ನ ಮ್ಯಾಚು 18 ಆಡಿ 18ನ್ನೂ ಸೋತಿದೀವಿ. ಇಂಡಿಯಾನಾ ಜೊತೆ ಆಡೋ ಬಕೆಟ್ ಗೇಮಲ್ಲಿ ಒಂದ್ಸಲ 66-0, ಇನ್ನೊಂದ್ಸಲ 56-3ಕ್ಕೆ ಸೋತ್ವಿ. ಈ ಎರಡನೇದಕ್ಕೆ ನಾನು ನಮ್ ಸ್ಟೇಡಿಯಂ ರಾಸ್-ಏಡ್‌ನಲ್ಲೇ ಇದ್ದೆ. ನವೆಂಬರ್ 28, ಶುಕ್ರವಾರ ರಾತ್ರಿ, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ನಮ್ ಹುಡುಗ್ರೆಲ್ಲ ಊರಿಗೆ ಹೋಗಿದ್ರು, ಎಲ್ ನೋಡಿದ್ರೂ ಇಂಡಿಯಾನಾದವ್ರ ಕೆಂಪು ಜಾಕೆಟ್ಟೇ. ಎರಡು ಸಾಕ್ಸು, ಗ್ಲೌಸ್ ಒಳಗೆ ಬಿಸಿ ಪೊಟ್ಟಣ, ಮೇಲೆ ಮಂಕಿ ಕ್ಯಾಪು ಹಾಕ್ಕೊಂಡು ಹೋಗಿ ನೋಡಿದ್ದು ಒಂದೇ ಒಂದು ಫೀಲ್ಡ್ ಗೋಲು.

ಈಗ ವಿಷಯಕ್ಕೆ ಬರ್ತೀನಿ. ಎಲ್ರೂ ಹೇಳ್ತಿರೋದು ಒಂದೇ, ಇಂಡಿಯಾನಾ ಮಾಡ್ದಂಗೆ ಪೋರ್ಟಲ್‌ನಿಂದ ಆಟಗಾರ್ರನ್ನ ತುಂಬ್ಕೊಳ್ಳಿ, ಎರಡೇ ವರ್ಷದಲ್ಲಿ ಕಪ್ಪು ಅಂತ. ಅಲ್ಲ ಸ್ವಾಮಿ, ಹೋದ್ವರ್ಷ ನಾವು ಮಾಡಿದ್ದೂ ಅದನ್ನೇ ಅಲ್ವಾ? ಕೋಚ್ ಬ್ಯಾರಿ ಓಡಮ್ ಬಂದ್ಮೇಲೆ 50ಕ್ಕೂ ಜಾಸ್ತಿ ಜನ ಟ್ರಾನ್ಸ್‌ಫರ್ ಆಗಿ ಬಂದ್ರು. ನಾನ್ ಹೇಳೋದು ಬಂದೋರ್ ಲೆಕ್ಕ ಆಮೇಲೆ, ಮೊದ್ಲು ಹೋದೋರ್ ಲೆಕ್ಕ ತೆಗೀರಿ. 2024 ಮುಗಿದ್ಮೇಲೆ ಡಿಲನ್ ಥೀನ್‌ಮನ್ ಒರೆಗಾನ್‌ಗೆ, ಮ್ಯಾಕ್ಸ್ ಕ್ಲೇರ್ ಒಹಾಯೋ ಸ್ಟೇಟ್‌ಗೆ, ವಿಲ್ ಹೆಲ್ಟ್ ಕ್ಲೆಮ್ಸನ್‌ಗೆ. ಥೀನ್‌ಮನ್ ಊರು ವೆಸ್ಟ್‌ಫೀಲ್ಡ್, ಇಲ್ಲಿಂದ ಒಂದ್ ಗಂಟೆ ದಾರಿ, ಅವನ ಇಬ್ರು ಅಣ್ಣಂದ್ರೂ ಪರ್ಡ್ಯೂಗೇ ಆಡಿದ್ರು, ಮೊದಲ್ನೇ ವರ್ಷಾನೇ ಆರು ಇಂಟರ್‌ಸೆಪ್ಷನ್ ಮಾಡಿದ್ದ, ಅಂದ್ರೆ ಎದುರಾಳಿ ಪಾಸ್ ಕಸ್ಕೊಂಡಿದ್ದ. ಮನೆ ಮಗನ್ನೇ ಹಿಡಿದು ಕೂರಿಸ್ಕೊಳ್ಳೋಕ್ ಆಗ್ದೇ ಇದ್ರೆ ಹೊರಗಿಂದ ಎಷ್ಟ್ ಜನಾನ್ ತಂದ್ರೇನು?

ನಮ್ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ನೋಡಿರೋರಿಗೆ ಗೊತ್ತಿರುತ್ತೆ. ಮೈಸೂರಿಂದ ಇಬ್ರು, ಹಾಸನದಿಂದ ಒಬ್ಬ, ಮ್ಯಾಚಿಗ್ ಇಷ್ಟು ಅಂತ ಮಾತಾಡಿ ಕರೆಸ್ತಾರೆ. ಗೆದ್ರೆ ಅವ್ರಿಗೆ ಹಾರ, ಸೋತ್ರೆ ಸಾಯಂಕಾಲ ಬೈಕ್ ಹತ್ಕೊಂಡ್ ಹೊರಟ್ರು. ಮಾರನೇ ದಿನ ಪಿಚ್ ಗುಡ್ಸಿ ನೀರ್ ಹಾಕೋಕೆ ಊರ್ ಹುಡುಗ್ರೇ ಬೇಕು.

ಹುಬ್ಬಳ್ಳಿ_ಹುಡುಗ_ಇಂಡಿ

ಅಲ್ರೀ ಗೌಡ್ರ, ಏನ್ ಹೇಳಾಕತ್ತೀರಿ? ಓಡಮ್ ಬಂದಾಗ ಮನಿ ಪೂರಾ ಖಾಲಿ ಇತ್ತು. 1-11 ಆಗಿ, ಕೋಚ್ ಹೋಗಿ, ಇದ್ದ ಒಳ್ಳೆ ಹುಡುಗ್ರೆಲ್ಲಾ ಗಂಟು ಕಟ್ಕೊಂಡು ಹೋದ ಮ್ಯಾಲೆ ಹೈಸ್ಕೂಲ್ ಹುಡುಗ್ರನ್ನ ತಂದು ನಾಲ್ಕ ವರ್ಷ ಸಾಕ್ಕೋಂತ ಕುಂದ್ರಾಕ ಟೈಮ್ ಯಾರ್ ಕೊಡ್ತಾರ? 18 ವರ್ಷದ ಹುಡುಗನ್ನ ಒಹಾಯೋ ಸ್ಟೇಟ್‌ದ 22 ವರ್ಷದ ಕ್ವಾಣದಂಥಾವನ ಮುಂದ ನಿಲ್ಲಿಸಿದ್ರ ಏನ್ ಆಗ್ತೈತಿ ಅಂತ ನಮಗ ಗೊತ್ತಿಲ್ಲೇನು.

ಆಮ್ಯಾಲೆ ಸ್ಕೋರ್ ನೋಡ್ರಿ ಸ್ವಲ್ಪ. 2024ರಾಗ ನೋಟ್ರ್ ಡೇಮ್ ಕೈಯಾಗ 66-7, ವಿಸ್ಕಾನ್ಸಿನ್ ಕೈಯಾಗ 52-6, ಒಹಾಯೋ ಸ್ಟೇಟ್ 45-0. ಇವೇನು ಮ್ಯಾಚೇನ್ರೀ, ಪೋಲೀಸ್ ಲಾಠಿಚಾರ್ಜ್. 2025ರಾಗ ಮಿನ್ನೆಸೋಟಾ 27-20, ರಟ್ಗರ್ಸ್ 27-24, ಮಿಷಿಗನ್ ಅವರ ಅಂಗಳದಾಗ 21-16. ಸೋತೀವಿ ಖರೆ, ಆದ್ರ ಕೊನೀ ಡ್ರೈವ್ ತನಕ ಆಟದಾಗ ಇದ್ದೀವಿ. ಆ 50 ಮಂದಿ ಬರ್ಲಿಲ್ಲ ಅಂದಿದ್ರ ಅದೂ ಇರ್ತಿರ್ಲಿಲ್ಲ. ಓಡಮ್ ಏನ್ ಕಚ್ಚಾ ಮನಷ್ಯಾ ಅಲ್ಲ, ಲಾಸ್ ವೇಗಸ್‌ನ ಯುಎನ್‌ಎಲ್‌ವಿಯಂಥಾ ಟೀಮ್ ತಗೊಂಡು ಎರಡ ವರ್ಷದಾಗ 19 ಮ್ಯಾಚ್ ಗೆದ್ದಾನ.

ಕುಡ್ಲದ_ಕೆಂಪು

ಬಂದೆ ಮಾರಾಯ್ರೆ, ನಮ್ಮ ಹೆಸರು ಕೇಳಿತು 😁

ಬ್ಲೂಮಿಂಗ್ಟನ್‌ನಲ್ಲಿ ಐದು ವರ್ಷ ಇದ್ದವ ನಾನು, ಹಾಗಾಗಿ ಒಂದು ವಿಷಯ ಸರಿ ಮಾಡ್ತೇನೆ. ನೀವೆಲ್ಲ ಇಂಡಿಯಾನಾ ಪೋರ್ಟಲ್‌ನಿಂದ ಗೆದ್ದದ್ದು ಅಂತ ಹೇಳ್ತೀರಿ ಅಲ್ವಾ, ಅದು ಅರ್ಧ ಸತ್ಯ. ನಮ್ಮ ಕೋಚ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಬರುವಾಗ ಒಬ್ಬನೇ ಬಂದದ್ದಲ್ಲ, 13 ಜನ ಆಟಗಾರರು ಅವನ ಹಿಂದೆಯೇ ಬಂದ್ರು. ಏಡನ್ ಫಿಶರ್, ಕಮಾರಾ, ಪಾಂಡ್ಸ್, ಸರಾಟ್, ಎಲ್ಲ ಅಲ್ಲಿಯವರೇ. ಅದು ಅಂಗಡಿಗೆ ಹೋಗಿ ಸಾಮಾನು ತಂದದ್ದಲ್ಲ, ತೋಟದಿಂದ ಅಡಿಕೆ ಸಸಿಯನ್ನು ಬುಡದ ಮಣ್ಣು ಸಮೇತ ಎತ್ತಿ ಬೇರೆ ಕಡೆ ನೆಟ್ಟದ್ದು. ಕೋಚ್‌ನ ಭಾಷೆ ಗೊತ್ತಿದ್ದ 13 ಜನ ಲಾಕರ್ ರೂಮಿನಲ್ಲಿ ಇದ್ರೆ ಉಳಿದವರಿಗೆ ಪಾಠ ಹೇಳ್ಲಿಕ್ಕೆ ಕೋಚ್ ಬೇಕೂಂತಲೇ ಇಲ್ಲ.

ಮತ್ತೆ ಅವನು ಆಟಗಾರರಿಗೆ ಕೊಡುವ ಸ್ಟಾರ್ ರೇಟಿಂಗ್ ನೋಡಿ ಆರಿಸುವವ ಅಲ್ಲ. ಪಾಂಡ್ಸ್ ಐದಡಿ ಒಂಬತ್ತಿಂಚು, ದೊಡ್ಡ ಟೀಮಿನವರು ನೋಡಿ ಬಿಟ್ಟ ಜನ. 2024ಕ್ಕೆ ಕ್ವಾರ್ಟರ್‌ಬ್ಯಾಕ್, ಅಂದ್ರೆ ಪಾಸ್ ಎಸೆದು ಆಟ ನಡೆಸುವವ, ಬೇಕು ಅಂತ ಹೇಳಿದಾಗ ತಂದದ್ದು ಕರ್ಟಿಸ್ ರೋರ್ಕ್‌ನನ್ನು, ಒಹಾಯೋ ಯೂನಿವರ್ಸಿಟಿಯಿಂದ, ಒಹಾಯೋ ಸ್ಟೇಟ್ ಅಲ್ಲ ಮತ್ತೆ. ಹೆಚ್ಚು ಆಡಿದವ ಯಾರು, ಚೆನ್ನಾಗಿ ಆಡಿ ತೋರಿಸಿದವ ಯಾರು, ಅದೇ ಲೆಕ್ಕ. 2025ರ ಕ್ವಾರ್ಟರ್‌ಬ್ಯಾಕ್ ಮೆಂಡೋಝಾ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ ಬಂದದ್ದು, ಅವನ ತಮ್ಮ ಆಲ್ಬರ್ಟೊ ಮೊದಲೇ ನಮ್ಮಲ್ಲಿ ಇದ್ದ. ಅಣ್ಣ ಬಂದ, ದೇಶದ ಬೆಸ್ಟ್ ಆಟಗಾರನಿಗೆ ಕೊಡುವ ಹೈಸ್ಮನ್ ತೆಗೊಂಡ. ನಿಮ್ಮಲ್ಲಿ ಥೀನ್‌ಮನ್‌ರ ತಮ್ಮನೇ ಒರೆಗಾನ್‌ಗೆ ಹೋದ, ಪಾಪ.

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ನನ್ನ ಮಗ ಹೋದ ಆಗಸ್ಟ್‌ನಲ್ಲಿ ಪರ್ಡ್ಯೂಗೆ ಸೇರಿದ. ಅವನು ವಾರಾಂತ್ಯ ಫೋನ್ ಮಾಡಿದ್ರೆ ಊಟ ಆಯ್ತಾ ಅಂತ ನಾನು ಕೇಳೋದು, ಸೋತ್ವಮ್ಮ ಅಂತ ಅವನು ಹೇಳೋದು. ಅದಕ್ಕೆ ಏನು ಇದು ಅಂತ ಓದೋಕೆ ಬಂದೆ, ಅರ್ಧ ಅರ್ಥ ಆಗ್ಲಿಲ್ಲ. ಪೋರ್ಟಲ್ ಅಂದ್ರೆ ಏನು? ಓದೋ ಮಕ್ಕಳಿಗೆ ಕಾಲೇಜಿನವರೇ ಸಂಬಳ ಕೊಡ್ತಾರಾ? ಮತ್ತೆ ಈ ಬಕೆಟ್ ಏನಪ್ಪಾ? ನಾನು ಬ್ಯಾಂಕಿನಲ್ಲಿ ಇದ್ದಾಗ ಬಕೆಟ್ ಹಿಡಿಯೋರು ಅಂದ್ರೆ ಬೇರೆ ಅರ್ಥ ಇತ್ತು.

ಕೆಆರ್‌ಪೇಟೆ_ಬಾಯ್ಲರ್

ಆಂಟಿ 😂😂 ಇಲ್ಲಿ ಬಕೆಟ್ ಹಿಡಿಯೋದೇ ಗೌರವ. ಓಲ್ಡ್ ಓಕನ್ ಬಕೆಟ್ ಅಂತ, ಬಾವಿ ಸೇದೋ ಹಳೇ ಮರದ ಬಕೆಟ್ಟು, 1925ರಿಂದ ನಮಗೂ ಇಂಡಿಯಾನಾಗೂ ಅದಕ್ಕೋಸ್ಕರ ಜಗಳ. ಗೆದ್ದೋರ ಅಕ್ಷರ ಕಂಚಲ್ಲಿ ಮಾಡಿ ಸರಪಳಿಗೆ ಸೇರಿಸ್ತಾರೆ, ನಾವ್ ಗೆದ್ರೆ ಪಿ, ಅವ್ರ್ ಗೆದ್ರೆ ಐ. ಎರಡ್ ವರ್ಷದಿಂದ ಬರೀ ಐ.

ಪೋರ್ಟಲ್ ಅಂದ್ರೆ ನಾನು ಈ ಕಾಲೇಜ್ ಬಿಡ್ತೀನಿ, ಯಾರಿಗಾದ್ರೂ ಬೇಕಾದ್ರೆ ಕರೀರಿ ಅಂತ ಆಟಗಾರ ಹೆಸ್ರು ಹಾಕೋ ಪಟ್ಟಿ. 2018ರಲ್ಲಿ ಶುರುವಾಯ್ತು. ಮೊದ್ಲು ಕಾಲೇಜ್ ಬದಲಾಯಿಸಿದ್ರೆ ಒಂದ್ ವರ್ಷ ಆಡೋ ಹಂಗಿರ್ಲಿಲ್ಲ, 2021ರಲ್ಲಿ ಒಂದ್ಸಲಕ್ಕೆ ಮಾಫಿ ಅಂದ್ರು, 2024ರಿಂದ ಎಷ್ಟ್ ಸಲ ಬೇಕಾದ್ರೂ ಹೋಗ್ಬಹುದು. ದುಡ್ಡಿಂದು ಬೇರೆ. 2021ರ ಜುಲೈನಿಂದ ಆಟಗಾರ ತನ್ನ ಹೆಸ್ರು ಮುಖ ಬಳಸಿ ಜಾಹೀರಾತಲ್ಲಿ ಸಂಪಾದ್ನೆ ಮಾಡ್ಬಹುದು, ಅದಕ್ಕೇ ಎನ್‌ಐಎಲ್ ಅನ್ನೋದು. 2025ರಲ್ಲಿ ಕೋರ್ಟ್ ಸೆಟಲ್‌ಮೆಂಟ್ ಆಗಿ ಈಗ ಯೂನಿವರ್ಸಿಟಿನೇ ನೇರವಾಗಿ ಕೊಡ್ಬಹುದು.

ನಿಮಗೆ ಕ್ರಿಕೆಟ್ ಲೆಕ್ಕದಲ್ಲಿ ಹೇಳ್ಬೇಕಂದ್ರೆ ನಮ್ ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ ರಣಜಿ ಗೆಲ್ಸಿ ವಾಪಸ್ ಬಂದ್ರಲ್ಲ, ಹಂಗೇ. ನಮ್ಮಲ್ಲೂ ಒಬ್ಬ ಇದಾನೆ, ರಯನ್ ಬ್ರೌನ್ ಅಂತ ಕ್ವಾರ್ಟರ್‌ಬ್ಯಾಕು, 2024 ಮುಗಿದ್ಮೇಲೆ ನಾರ್ತ್ ಕ್ಯಾರೊಲೈನಾಗೆ ಹೋದ, ಅಲ್ಲಿ ಎನ್‌ಎಫ್‌ಎಲ್ ಅನ್ನೋ ಪ್ರೊಫೆಷನಲ್ ಲೀಗಲ್ಲಿ ಹೆಸ್ರು ಮಾಡಿದ್ದ ಬೆಲಿಚಿಕ್ ಅಂಥಾ ಕೋಚು, ಏಪ್ರಿಲ್ ಹೊತ್ತಿಗೆ ಮತ್ತೆ ಬ್ಯಾಗ್ ಹಿಡ್ಕೊಂಡು ನಮ್ಮನೆ ಬಾಗ್ಲಿಗೇ ಬಂದ. ಒಂದೂ ಮ್ಯಾಚ್ ಆಡ್ದೆ ಹೋಗಿ ಬಂದ ಅನ್ನೋದೊಂದೇ ವ್ಯತ್ಯಾಸ. ಆಗ ಏಪ್ರಿಲ್‌ನಲ್ಲೂ ಪೋರ್ಟಲ್ ತೆಗೀತಿದ್ರು, ಈ ವರ್ಷದಿಂದ ಜನವರಿಲಿ ಮಾತ್ರ. ನನ್ ಪ್ರಕಾರ ಒಳ್ಳೇದೇ ಆಯ್ತು, ಕೋಚ್‌ಗಳು ಏಪ್ರಿಲ್ ತಿಂಗಳಾದ್ರೂ ನೆಮ್ಮದಿಯಾಗಿ ಮಲಗ್ತಾರೆ.

ಜಯನಗರ_4ನೇ_ಬ್ಲಾಕ್

ಓ ಹಾಗಾ. ಹಾಗಾದ್ರೆ ನನ್ನ ಮಗ ಆಡಿದ್ರೆ ಅವನಿಗೂ ದುಡ್ಡು ಬರುತ್ತಾ? ಫೀಸ್ ಕಟ್ಟೋರಿಗೆ ಇಂಥಾ ಯೋಚ್ನೆ ಬರೋದು ಸಹಜ ಅಲ್ವಾ.

ಶಿವಮೊಗ್ಗ_ಸ್ಟ್ಯಾಟ್ಸ್

ಆಂಟಿ, ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾ ಇದ್ರೆ ಅಲ್ಲೂ ತಲೆನೋವೇ. ಪರ್ಡ್ಯೂ ಬ್ಯಾಸ್ಕೆಟ್‌ಬಾಲ್‌ನ ಝ್ಯಾಕ್ ಎಡಿ, ಏಳಡಿ ನಾಲ್ಕಿಂಚು, ಕೆನಡಾದವನು, 2023 ಮತ್ತೆ 2024 ಎರಡೂ ವರ್ಷ ಇಡೀ ದೇಶದ ಬೆಸ್ಟ್ ಪ್ಲೇಯರು, ಆದ್ರೂ ನಮ್ ಥರಾನೇ ಎಫ್-1, ಹಾಗಾಗಿ ಬೇರೆಯವ್ರ ಥರ ಇಲ್ಲಿ ಜಾಹೀರಾತು ಮಾಡಿ ದುಡ್ಡು ಮಾಡೋ ಹಾಗಿರ್ಲಿಲ್ಲ. ವೀಸಾ ಅಂದ್ರೆ ವೀಸಾ, ಡಂಕ್ ಹೊಡೆದ್ರೂ ಅಷ್ಟೇ.

ಈಗ ಗೌಡ್ರ ಮಾತಿಗೆ. ನಾನು ಅವರ ಪರ, ಆದ್ರೆ ಕಾರಣ ಬೇರೆ. ಸೆಟಲ್‌ಮೆಂಟ್ ಆದ್ಮೇಲೆ ಮೊದಲ್ನೇ ವರ್ಷಕ್ಕೆ, ಅಂದ್ರೆ 2025-26ಕ್ಕೆ, ಒಂದು ಯೂನಿವರ್ಸಿಟಿ ಎಲ್ಲಾ ಆಟಕ್ಕೂ ಸೇರಿ 2.05 ಕೋಟಿ ಡಾಲರ್ ಮೇಲೆ ಕೊಡೋ ಹಾಗಿಲ್ಲ. ಫುಟ್‌ಬಾಲ್ ಟೀಮಲ್ಲಿ 105 ಜನ, ಮೊದ್ಲು 85 ಸ್ಕಾಲರ್‌ಶಿಪ್ ಇತ್ತು, ಈಗ ಆ ಲೆಕ್ಕ ಹೋಗಿ 105ರ ಮಿತಿ. ದುಡ್ಡಿನ ಮಿತಿ ಎಲ್ರಿಗೂ ಒಂದೇ ಅಂತ ಕಾಗದದಲ್ಲಿ ಇದೆ, ಆದ್ರೆ ಇಂಡಿಯಾನಾಗೆ ಮಾರ್ಕ್ ಕ್ಯೂಬನ್ ಅಂಥ ಹಳೇ ವಿದ್ಯಾರ್ಥಿ ಪೋರ್ಟಲ್ ಖರ್ಚಿಗೆ ಅಂತ ಜೇಬಿಂದ ಕೊಡ್ತಾರೆ, ಇಲ್ಲಿ ಬ್ಯಾಸ್ಕೆಟ್‌ಬಾಲ್ ಪಾಲು ತೆಗ್ದಿಟ್ಟು ಆಮೇಲೆ ಫುಟ್‌ಬಾಲ್ ಕಡೆ ನೋಡ್ಬೇಕು. ನಾವು ಹರಾಜಲ್ಲಿ ಕೂತು ಗೆಲ್ಲೋ ಪಾರ್ಟಿ ಅಲ್ಲ.

105ರಲ್ಲಿ 50 ಜನ ಟ್ರಾನ್ಸ್‌ಫರ್ ಅಂದ್ರೆ ಅರ್ಧ ಟೀಮು. ಅವರಲ್ಲಿ ಸುಮಾರ್ ಜನಕ್ಕೆ ಒಂದು ವರ್ಷಾನೋ ಎರಡು ವರ್ಷಾನೋ ಆಡೋ ಅರ್ಹತೆ ಉಳ್ದಿರುತ್ತೆ. ಅಂದ್ರೆ ಮುಂದಿನ ಜನವರಿಲಿ ಮತ್ತೆ ಅಷ್ಟೇ ಜನ ಬೇಕು. ಬೆಂಗಳೂರಿನ 11 ತಿಂಗಳ ಬಾಡಿಗೆ ಅಗ್ರಿಮೆಂಟ್ ಇದು. ಪ್ರತಿ ವರ್ಷ ಮನೆ ಖಾಲಿ, ಪ್ರತಿ ವರ್ಷ ಬ್ರೋಕರ್ ಕಮಿಷನ್ನು, ಗೋಡೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲ.

ಹುಬ್ಬಳ್ಳಿ_ಹುಡುಗ_ಇಂಡಿ

ಮಾತು ಛಲೋ ಐತಿ, ಆದ್ರ ಸ್ವಂತ ಮನಿ ಕಟ್ಟಾಕ ಜಾಗಾ ಎಲ್ಲೈತಿ ಹೇಳ್ರಿ? ಇಂಡಿಯಾನಾ ರಾಜ್ಯದ ಜನಸಂಖ್ಯೆನ 70 ಲಕ್ಷದ ಆಸುಪಾಸು. ಅದರಾಗ ನೋಟ್ರ್ ಡೇಮ್ ಒಂದು, ಬ್ಲೂಮಿಂಗ್ಟನ್ ಒಂದು, ನಾವೊಂದು. ಕಾರ್ಮೆಲ್, ಬ್ರೌನ್ಸ್‌ಬರ್ಗ್, ವೆಸ್ಟ್‌ಫೀಲ್ಡ್, ಸೆಂಟರ್ ಗ್ರೋವ್ ಸಾಲಿಗಳಾಗ ಛಲೋ ಹುಡುಗ ಕಂಡ್ರ ಸಾಕು, ಒಹಾಯೋ ಸ್ಟೇಟ್‌ನವ್ರು, ಮಿಷಿಗನ್‌ನವ್ರು ಬಂದು ನಿಂತಿರ್ತಾರ. ನಾನು ಇಂಡಿಯಾನಾಪೊಲಿಸ್‌ನಾಗ ಎಂಟ ವರ್ಷದಿಂದ ಅದೀನಿ, ಆಫೀಸ್‌ನಾಗ ಪಕ್ಕದಾಂವನ ಮಗ ಹೈಸ್ಕೂಲ್‌ನಾಗ ಲೈನ್‌ಮನ್, ಅಂದ್ರ ಮುಂದಿನ ಸಾಲಿನಾಗ ನಿಂತು ತಡಿಯಾಂವ, ಶುಕ್ರವಾರ ರಾತ್ರಿ ಅವನ ಆಟ ನೋಡಾಕ ಹೋಗ್ತಿದ್ವಿ. ಆ ಹುಡುಗ ಒಂದು ಊಟಕ್ಕ ನಾಲ್ಕ ಬರ್ಗರ್ ತಿಂತಾನ, ಅವರವ್ವ ಕಾಸ್ಟ್‌ಕೋದಾಗ ಎರಡು ಬಂಡಿ ದಬ್ಬಿಕೋಂತ ಬರ್ತಾಳ. ಅಂಥಾ ಹುಡುಗ್ಗ ಐದಾರು ಕಡೆಯಿಂದ ಕಾಗದ ಬಂದಿದ್ವು. ಅವರಪ್ಪನ್ನ ಕೇಳಿದೆ, ಪರ್ಡ್ಯೂ ಯಾಕಬ್ಯಾಡ ಅಂತ. ಮುಂದಿನ ವರ್ಷ ಕೋಚ್ ಯಾರಿರ್ತಾನ ಹೇಳು, ಆಮ್ಯಾಲೆ ಹೇಳ್ತೀನಿ ಅಂದ. ನಾ ಏನ್ ಹೇಳ್ಲಿ?

ಕೆಆರ್‌ಪೇಟೆ_ಬಾಯ್ಲರ್

ಅಣ್ಣ ಅದೇ ನನ್ ಪಾಯಿಂಟು!! ಆ ಅಪ್ಪ ಕೇಳಿದ್ದು ದುಡ್ಡೆಷ್ಟು ಅಂತಲ್ಲ, ಯಾರಿರ್ತಾರೆ ಅಂತ. 2022ರಲ್ಲಿ ಬಿಗ್ ಟೆನ್‌ನ ವೆಸ್ಟ್ ವಿಭಾಗ ಗೆದ್ವಿ, ಕೋಚ್ ಬ್ರೋಮ್ ಲೂಯಿವಿಲ್‌ಗೆ ಹೊರಟ, ವಾಲ್ಟರ್ಸ್ ಬಂದ, ಎರಡ್ ವರ್ಷಕ್ಕೆ ಮನೆಗೆ, ಓಡಮ್ ಬಂದ. ಎರಡು ವರ್ಷದಲ್ಲಿ ಮೂರು ಕೋಚು. ಆಟಗಾರ ಹೇಗ್ ನಿಲ್ತಾನೆ. ನನಗೆ ಓಡಮ್ ಮೇಲೆ ಕೋಪ ಇಲ್ಲ, ಅವನು 2-10 ಆದ ಅಂತ ಅವನನ್ನೂ ಓಡಿಸಿದ್ರೆ ಮತ್ತೆ ಮನೆ ಖಾಲಿ. ನಿಲ್ಲೋದು ಮೇಲಿಂದ ಶುರುವಾಗ್ಬೇಕು.

ಪಕ್ಕದ ಬಿಲ್ಡಿಂಗಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಮ್ಯಾಟ್ ಪೇಂಟರ್‌ನ ನೋಡಿ. 2005ರಿಂದ ಅವರೊಬ್ರೇ. ಹೈಸ್ಕೂಲಿಂದ ತರ್ತಾರೆ, ಬೆಂಚಲ್ಲಿ ಕೂರಿಸ್ತಾರೆ, ಬೆಳೆಸ್ತಾರೆ, ಹುಡುಗ್ರು ಬಿಟ್ ಹೋಗಲ್ಲ. ಎಡಿ ಬಂದಾಗ ಯಾರೂ ಹೆಸ್ರು ಕೇಳಿರ್ಲಿಲ್ಲ, 2024ರಲ್ಲಿ ನ್ಯಾಷನಲ್ ಫೈನಲ್‌ವರೆಗೂ ಕರ್ಕೊಂಡ್ ಹೋದ.

ಫುಟ್‌ಬಾಲಲ್ಲೂ ನಮಗೆ ಈ ಕೈಗುಣ ಇತ್ತು ಕಣ್ರೀ. ಡ್ರೂ ಬ್ರೀಸ್ ಟೆಕ್ಸಸ್‌ನ ಆಸ್ಟಿನ್ ಹುಡುಗ, ಅಲ್ಲಿಯ ದೊಡ್ಡ ಟೀಮುಗಳು ಕುಳ್ಳ ಅಂತ ಕಣ್ಣೆತ್ತಿ ನೋಡ್ಲಿಲ್ಲ, ನಾವ್ ತಂದ್ವಿ, ರೋಸ್ ಬೌಲ್ ಅನ್ನೋ ದೊಡ್ಡ ಮ್ಯಾಚಿಗೆ ಹೋದ್ವಿ. ಕ್ವಾರ್ಟರ್‌ಬ್ಯಾಕ್ ಏಡನ್ ಓಕಾನೆಲ್ ಸ್ಕಾಲರ್‌ಶಿಪ್ಪೇ ಇಲ್ದೆ ಬಂದೋನು, ಕೊನೆಗೆ ಎನ್‌ಎಫ್‌ಎಲ್‌ಗೆ ಹೋದ. 2021ರ ನವೆಂಬರ್, ನಾನು ಅಮೆರಿಕಕ್ಕೆ ಬಂದು ಮೂರು ತಿಂಗ್ಳು, ಮಿಷಿಗನ್ ಸ್ಟೇಟ್ ಮೂರನೇ ರ‍್ಯಾಂಕು, ಅವನೇ ನಿಂತು 40-29ಕ್ಕೆ ಹೊಡೆದ, ಎಲ್ರೂ ಫೀಲ್ಡಿಗೆ ನುಗ್ಗಿದ್ರು, ನಾನೂ ನುಗ್ಗಿದೆ, ಟಚ್‌ಡೌನ್ ಅಂದ್ರೆ ಆರು ಪಾಯಿಂಟು ಅನ್ನೋದೂ ನನಗಾಗ ಸರಿಯಾಗಿ ಗೊತ್ತಿರ್ಲಿಲ್ಲ, ಒಂದು ಚಪ್ಪಲಿ ಅಲ್ಲೇ ಹೋಯ್ತು. ಹೌದು ನವೆಂಬರಲ್ಲಿ ಚಪ್ಪಲಿ, ಹೊಸಬ ಬಿಡಿ. ಡೆವಿನ್ ಮೋಕಬಿನೂ ಹಂಗೇ, ಬೂನ್‌ವಿಲ್ ಅನ್ನೋ ಸಣ್ಣ ಊರು, ಸ್ಕಾಲರ್‌ಶಿಪ್ ಇಲ್ದೆ ಬಂದು 2022ರಲ್ಲಿ 968 ಯಾರ್ಡ್ ಓಡ್ದ. ಥೀನ್‌ಮನ್ ಹೋದ ವರ್ಷವೇ ಅವನು ಮಾತ್ರ ಉಳ್ಕೊಂಡ, ಪಾಪ ಪೆಟ್ಟಾಗಿ 2025ರ ಸೀಸನ್ ಮಧ್ಯದಲ್ಲೇ ನಿಲ್ಸ್‌ಬೇಕಾಯ್ತು.

ಹುಬ್ಬಳ್ಳಿ_ಹುಡುಗ_ಇಂಡಿ

ಬ್ಯಾಸ್ಕೆಟ್‌ಬಾಲ್ ತಂದು ಇಲ್ಲಿ ಜೋಡಿಸಬ್ಯಾಡ್ರಿ. ಅಲ್ಲಿ ಆಡಾವ್ರು ಐದ ಮಂದಿ, ಒಬ್ಬ ಏಳಡಿಯಾಂವ ಸಿಕ್ರ ನಾಲ್ಕ ವರ್ಷ ಚಿಂತಿಲ್ಲ. ಇಲ್ಲಿ 22 ಮಂದಿ ಬೇಕು, ಅದರಾಗ ಹತ್ತು ಮಂದಿಯರ 130 ಕಿಲೋ ಮ್ಯಾಲಿನವ್ರು. ಸ್ಕಾಲರ್‌ಶಿಪ್ ಇಲ್ದ ಬಂದ ನಾಲ್ಕೈದ ಮಂದಿ ವಾಕ್-ಆನ್ ಕಥಿ ಹೇಳಿದ್ರ ಲೈನ್ ತುಂಬಂಗಿಲ್ಲ. ಬ್ರೀಸ್ ಕಥಿ ನಮ್ಮಪ್ಪ ಗುಂಡಪ್ಪ ವಿಶ್ವನಾಥ್ ಕಥಿ ಹೇಳ್ದಂಗ ಐತಿ, ಕೇಳಾಕ ಛಲೋ.

ಶಿವಮೊಗ್ಗ_ಸ್ಟ್ಯಾಟ್ಸ್

ಹುಬ್ಬಳ್ಳಿಯವ್ರು ಹೇಳೋದ್ರಲ್ಲಿ ಸತ್ಯ ಇದೆ, ಲೈನ್ ವಿಷಯ. ನನಗನ್ಸೋದು ಪೋರ್ಟಲ್ ಬೇಡ ಅಂತಲ್ಲ, ಎಲ್ಲಿಗೆ ಪೋರ್ಟಲ್ ಅಂತ ಕೇಳ್ಬೇಕು. ಆಫೆನ್ಸಿವ್ ಲೈನ್ ಬೆಳೆಸೋಕೆ ಮೂರು ವರ್ಷ ಬೇಕು, ಅಲ್ಲಿ ಹೊರಗಿಂದ ದೊಡ್ಡೋರನ್ನ ತನ್ನಿ, ಎರಡು ಮೂರು ವರ್ಷ ಅರ್ಹತೆ ಉಳ್ದಿರೋರನ್ನ. ಇಂಡಿಯಾನಾನೂ 2025ಕ್ಕೆ ಸೆಂಟರ್‌ನ, ಅಂದ್ರೆ ಲೈನ್ ಮಧ್ಯದವನನ್ನ, ನೋಟ್ರ್ ಡೇಮ್‌ನಿಂದ ತಂದ್ರು, ಪ್ಯಾಟ್ ಕೂಗನ್. ಸೇಫ್ಟಿ, ರಿಸೀವರ್, ಟೈಟ್ ಎಂಡ್ ಇವ್ರು ಬೇಗ ತಯಾರಾಗ್ತಾರೆ, ಅಲ್ಲಿ ಇಂಡಿಯಾನಾದ ಹೈಸ್ಕೂಲ್ ಹುಡುಗ್ರು. ಮತ್ತೆ ಆ ಹುಡುಗ ಒಂದು ಒಳ್ಳೇ ಸೀಸನ್ ಆಡಿದ ತಕ್ಷಣ, ಡಿಸೆಂಬರ್ ತನಕ ಕಾಯ್ದೆ, ಮೊದಲ ಚೆಕ್ ಅವನಿಗೆ. ಹೊಸಬನನ್ನ ತರೋ ದುಡ್ಡಲ್ಲಿ ಅರ್ಧ ಸಾಕು ಇರೋನನ್ನ ಇಟ್ಕೊಳ್ಳೋಕೆ. ಐಟಿ ಕಂಪನೀಲಿ ಕೆಲ್ಸ ಮಾಡಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ, ಹೊಸ್ದಾಗಿ ಬಂದೋನಿಗೆ ನಿಮಗಿಂತ ಜಾಸ್ತಿ ಸಂಬಳ ಅಂತ ಗೊತ್ತಾದ ದಿನಾನೇ ನೀವು ರೆಸ್ಯೂಮೆ ತೆಗ್ದಿದ್ರಿ ತಾನೆ.

ಕುಡ್ಲದ_ಕೆಂಪು

ಇದು ಸರಿಯಾದ ಮಾತು. ನಮ್ಮಲ್ಲಿಯೂ 2024ರಲ್ಲಿ 11-2 ಆದ ಮೇಲೆ ಫಿಶರ್, ಪಾಂಡ್ಸ್, ಸರಾಟ್, ಕಮಾರಾ ಎಲ್ಲ ಉಳಿದದ್ದೇ ದೊಡ್ಡ ವಿಷಯ. ಜನ ಮೆಂಡೋಝಾನ ಹೆಸರು ಹೇಳ್ತಾರೆ, ಉಳಿದವರ ಹೆಸರು ಹೇಳುವುದಿಲ್ಲ.

ಕೆಆರ್‌ಪೇಟೆ_ಬಾಯ್ಲರ್

ಇಂಡಿಯಾನಾದೋನು ನನ್ನ ಮಾತು ಒಪ್ತಿದಾನೆ, ಯಾಕೋ ನನಗೇ ಅನುಮಾನ ಬರ್ತಿದೆ.

ಸರಿ 2026ಕ್ಕೆ ಎಲ್ರೂ ನಿಮ್ ನಿಮ್ ಲೆಕ್ಕ ಹೇಳಿ. ನನ್ದು ನಾಲ್ಕು ಗೆಲುವು, ಅದ್ರಲ್ಲಿ ಬಿಗ್ ಟೆನ್‌ದು ಕನಿಷ್ಠ ಒಂದು. ಮತ್ತೆ ಡಿಸೆಂಬರ್‌ನಲ್ಲಿ ನಮ್ಮ ಒಳ್ಳೇ ಐದು ಜನ ಎಲ್ಲೂ ಹೋಗ್ಬಾರ್ದು. ಎರಡನೇದು ಆದ್ರೆ ಮೊದಲನೇದು ಮೂರಾದ್ರೂ ನಾನು ಗಲಾಟೆ ಮಾಡಲ್ಲ.

ಹುಬ್ಬಳ್ಳಿ_ಹುಡುಗ_ಇಂಡಿ

ಐದು. ಆರು ಆದ್ರ ಸೀಸನ್ ಮುಗಿದ ಮ್ಯಾಲೆ ಆಡೋ ಬೌಲ್ ಗೇಮ್ ಸಿಗ್ತೈತಿ, ನಾ ನಿಮಗೆಲ್ಲಾ ಗಿರ್ಮಿಟ್ ಮಾಡಿ ಹಾಕ್ತೀನಿ, ಮಿರ್ಚಿ ಸಮೇತ.

ಶಿವಮೊಗ್ಗ_ಸ್ಟ್ಯಾಟ್ಸ್

ಮೂರೂವರೆ. ಅರ್ಧ ಯಾವ್ದು ಅಂತ ಕೇಳ್ಬೇಡಿ.

ಜಯನಗರ_4ನೇ_ಬ್ಲಾಕ್

ಒಂದು ಅನುಮಾನ. ಬಿಗ್ ಟೆನ್‌ನಲ್ಲಿ ನೀವು ಕೊನೇ ಸಲ ಗೆದ್ದಿದ್ದು ಯಾವಾಗ? ಮಗನ್ನ ಕೇಳಿದ್ರೆ ಫೋನ್ ಇಟ್ಬಿಟ್ಟ.

ಕುಡ್ಲದ_ಕೆಂಪು

ಅದನ್ನು ನಾನು ಹೇಳ್ತೇನೆ ಆಂಟಿ, ನನಗೆ ಬಾಯಿಪಾಠ ಉಂಟು. 2023ರ ನವೆಂಬರ್ 25, ಬಕೆಟ್ ಗೇಮ್, ಪರ್ಡ್ಯೂ 35, ನಾವು 31. ಮರುದಿನ ನಮ್ಮ ಕೋಚ್ ಟಾಮ್ ಆಲನ್‌ನನ್ನು ತೆಗೆದ್ರು. ಅದೇ ವಾರ ಸಿಗ್ನೆಟ್ಟಿ ಬಂದದ್ದು. ಆ ದಿನ ಇವರು ಸ್ವಲ್ಪ ಸೋತಿದ್ರೆ ಆಲನ್ ಇನ್ನೊಂದು ವರ್ಷ ಇರ್ತಿದ್ದನೋ ಏನೋ 🙏

ಹುಬ್ಬಳ್ಳಿ_ಹುಡುಗ_ಇಂಡಿ

ಯಪ್ಪಾ.

ಕೆಆರ್‌ಪೇಟೆ_ಬಾಯ್ಲರ್

ಇದನ್ನ ಈಗ ಹೇಳ್ಬೇಕಿತ್ತಾ. ಆ ದಿನ ಎಷ್ಟ್ ಕುಣಿದಿದ್ದೆ ನಾನು.

ಈ ವರ್ಷ ಬಕೆಟ್ ಗೇಮ್ ಬ್ಲೂಮಿಂಗ್ಟನ್‌ನಲ್ಲಿ, ಇಲ್ಲಿಂದ ಎರಡು ಗಂಟೆ ದಾರಿ. ನನ್ ಕಾರಲ್ಲಿ ಮೂರು ಸೀಟ್ ಖಾಲಿ ಇದೆ. ಆಂಟಿ, ನಿಮ್ ಮಗನಿಗೂ ಹೇಳಿ, ಟಿಕೆಟ್ ನಾನ್ ನೋಡ್ಕೊಳ್ತೀನಿ, ಜಾಕೆಟ್ ದಪ್ಪದ್ದು ತರ್ಲಿ, ಶೂ ಹಾಕ್ಕೊಂಡ್ ಬರ್ಲಿ. ಕುಡ್ಲದವ್ರು ಪಾರ್ಕಿಂಗ್ ತೋರಿಸ್ಬೇಕು, ಇಷ್ಟ್ ಮಾತಾಡಿದ್ದಕ್ಕೆ ನೀರ್‌ದೋಸೆನೂ ತರ್ಬೇಕು.